ತೋಪಿನ ಸದ್ದಿಗೆ ಆನೆ ಪಳಗುವ ಬಗೆ

ಜಂಬೂಸವಾರಿಯ ದಿನ ಮೈಸೂರು ಅರಮನೆ ಮುಂದೆ ಅಂಬಾರಿಗೆ ಪುಷ್ಪಾರ್ಚನೆ ಆಗುವ ಹೊತ್ತಿಗೆ 21 ಕುಶಾಲತೋಪು ಹಾರುತ್ತವೆ. ಟಿವಿ ಮುಂದೆ ಕೂತ ನಮಗೇ ಎದೆ ಝಲ್ಲೆನ್ನುತ್ತದೆ. ಸುಮಾರು 750 ಕೆ.ಜಿ. ಅಂಬಾರಿ ಹೊತ್ತ ಆನೆ ಮಾತ್ರ ಕದಲುವುದಿಲ್ಲ. ಅದು ಹುಟ್ಟುಗುಣ ಅಂತ ನಾವೂ ಬಹಳ ದಿನ ಅಂದುಕೊಂಡಿದ್ದೆವು.

ಆನೆ, ತೋಪು ಎರಡೂ ಯುದ್ಧದಿಂದ ಹಬ್ಬಕ್ಕೆ ಬಂದವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿಯ ಜೊತೆ ಹಬ್ಬವೂ ಮೈಸೂರಿಗೆ ಬಂತು. ಆ ಕಾಲದ ಸೈನ್ಯಗಳಲ್ಲಿ ಭಾರದ ಫಿರಂಗಿ ಎಳೆಯಲೂ ಆನೆ ಬೇಕಿತ್ತು. ಸದ್ದಿಗೆ ಬೆದರಿದ ಆನೆ ತನ್ನವರನ್ನೇ ತುಳಿಯುತ್ತದೆ. ಹಾಗಾಗಿ ಪಳಗಿಸುವುದು ಶೋಕಿಯಾಗಿರಲಿಲ್ಲ.

ಈಗಲೂ ದಸರೆಗೆ ಮುಂಚೆ ಸಿಡಿಮದ್ದು ತಾಲೀಮು ನಡೆಯುತ್ತದೆ. ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು 7 ಫಿರಂಗಿಗಳಿಂದ ಮೂರು ಮೂರು ಸುತ್ತು ಹಾರಿಸುತ್ತಾರೆ. ಆನೆಗಳ ಜೊತೆ ಅಶ್ವದಳದ ಕುದುರೆಗಳೂ ಬರುತ್ತವೆ. ಬೆದರುವ ಆನೆಯ ಕಾಲಿಗೆ ಸರಪಳಿ ಇರುತ್ತದೆ, ದೂರದಲ್ಲಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಹಳೇ ಆನೆ, ಮೈ ಸವರುತ್ತಾ ಮಾವುತ, ಕಾವಾಡಿ. ಒಂದೇ ದಿನಕ್ಕೆ ಮುಗಿಯುವ ಪಾಠವಲ್ಲ. ಬೇರೆ ಬೇರೆ ದಿನ ಮತ್ತೆ ಮತ್ತೆ ಮಾಡುತ್ತಾರೆ. ಮೊದಲ ಸದ್ದಿಗೆ ಹಿಂದಕ್ಕೆ ಜಗ್ಗಿದ ಆನೆ ಕಡೇ ತಾಲೀಮಿಗೆ ಸೊಪ್ಪು ಮೆಲ್ಲುತ್ತಾ ನಿಲ್ಲುವುದೂ ಉಂಟು.

ಆನೆಗೆ ಹೆದರಿಕೆ ಹೋಯಿತೋ, ಹೆದರಿಕೆ ನುಂಗಿಕೊಂಡು ನಿಂತಿತೋ? ನಮಗಂತೂ ಎರಡನೆಯದೇ ಇರಬಹುದು ಅನ್ನಿಸುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ದಸರೆಗೆಂದು ಬಂದ ಲಕ್ಷ್ಮಿ ಅರಮನೆ ಆವರಣದಲ್ಲೇ ಮರಿ ಹಾಕಿತು. ಗಬ್ಬದ ಆನೆಯನ್ನು ಜನಜಂಗುಳಿ, ಸದ್ದಿನ ನಡುವೆ ತಂದದ್ದೇಕೆ ಎಂಬ ಪ್ರಶ್ನೆ ಎದ್ದಿತು. ಈಗ ಹೆಣ್ಣಾನೆಗಳನ್ನು ಕರೆತರುವ ಮೊದಲು ಗರ್ಭ ಪರೀಕ್ಷೆ ಮಾಡುತ್ತಾರೆ. ತಡವಾದರೂ ಒಳ್ಳೇದಾಯಿತು.

ಇಷ್ಟೆಲ್ಲ ತಾಲೀಮು ಆನೆಗೆ. ನಮ್ಮ ಮನೆ ನಾಯಿಗೆ? ನಾವು ಕೇಳದ ಸಣ್ಣ ಶಿಳ್ಳೆಯೂ ಅದಕ್ಕೆ ಕೇಳುತ್ತದೆ. ಅಂಥ ಕಿವಿಯ ಪಕ್ಕ ದೀಪಾವಳಿ ರಾತ್ರಿ ಸರಪಟಾಕಿ ಹಚ್ಚುತ್ತೇವೆ. ಆಮೇಲೆ ‘ನಾಯಿ ಎಲ್ಲೋ ಓಡಿಹೋಯ್ತು’ ಅಂತ ಬೆಳಗ್ಗೆ ಊರೆಲ್ಲ ಹುಡುಕುತ್ತೇವೆ. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಹೊತ್ತು ಗೊತ್ತು ಮಾಡಿತು. ಊರುಗಳಲ್ಲಿ ಗಡಿಯಾರ ನೋಡುವವರು ಕಮ್ಮಿ.

ಮಾವುತರ ವಿದ್ಯೆ ಮನೆಗೂ ಆಗುತ್ತದೆ. ಹಬ್ಬಕ್ಕೆ ಎರಡು ಮೂರು ವಾರ ಮುಂಚೆ ಮೊಬೈಲ್‌ನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣಗೆ ಹಾಕಿ, ನಾಯಿಗೆ ಇಷ್ಟದ ತಿಂಡಿ ಕೊಡಿ. ಬೆದರದಿದ್ದರೆ ಮಾತ್ರ ಮಾರನೇ ದಿನ ಕೊಂಚ ಜೋರು ಮಾಡಿ. ಹಬ್ಬದ ರಾತ್ರಿ ಒಳಕೋಣೆಗೆ ಬಿಟ್ಟು ಕಿಟಕಿ ಮುಚ್ಚಿ, ಯಾರಾದರೂ ಜೊತೆಗಿರಿ. ಬೀದಿ ಕಡೆ ಕಟ್ಟಿಹಾಕಬೇಡಿ, ಜಗ್ಗಿ ಜಗ್ಗಿ ಕುತ್ತಿಗೆಗೆ ಪೆಟ್ಟು ಮಾಡಿಕೊಳ್ಳುತ್ತದೆ. ದನಕರುಗಳನ್ನು ಹೊತ್ತು ಮುಳುಗುವ ಮುಂಚೆ ಕೊಟ್ಟಿಗೆಗೆ ಸೇರಿಸಿ, ಹುಲ್ಲಿನ ಮೆದೆ ಹತ್ತಿರ ಯಾರೂ ಪಟಾಕಿ ಹಚ್ಚದಂತೆ ನೋಡಿಕೊಳ್ಳಿ. ಗಬ್ಬದ ಹಸು ಇದ್ದರೆ ಪಕ್ಕದ ಮನೆಯವರಿಗೂ ಮೊದಲೇ ಒಂದು ಮಾತು ಹೇಳಿಡಿ.