ಊರಿನ ನಡುವೆ ಗೆರೆ, ಗೆರೆ ಮ್ಯಾಲೆ ತಂಬಾಕು

ನಾವು ಎಲೆ ಅಡಿಕೆ ಜೋಡಿ ತಂಬಾಕು ಹಾಕೋ ಮಂದಿ. ಈ ಗಿಡ ಇಲ್ಲೇ ಹುಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಅಕ್ಬರ ಬಾದಶಹನ ಕಡೆಯ ಅಸದ್ ಬೇಗ್ 1604ರ ಸುಮಾರಿಗೆ ನಮ್ಮ ಬಗಲಿನ ಬಿಜಾಪುರದಲ್ಲಿ ತಂಬಾಕು ಕಂಡು, ಒಂದು ಚೆಂದದ ಹುಕ್ಕಾ ಸಮೇತ ಬಾದಶಹನಿಗೆ ಒಯ್ದು ಕೊಟ್ಟ. ನಮ್ಮ ಸೀಮೆಗೆ ಅದನ್ನು ತಂದವರು ಪೋರ್ಚುಗೀಸರು. ಅವರಿಗೆ ಸಿಕ್ಕಿದ್ದು ಅಮೆರಿಕದ ಮೂಲನಿವಾಸಿಗಳಿಂದ.

ಆ ಮೂಲನಿವಾಸಿಗಳಲ್ಲಿ ಮೊಹಾಕ್ ಎಂಬ ಜನ ಇದ್ದಾರೆ. ನಾವು ಲೋಬಾನ ಹಾಕಿದಂತೆ ಅವರು ತಂಬಾಕನ್ನು ಬೆಂಕಿಗೆ ಹಾಕಿ, ಹೊಗೆ ಜೊತೆ ಪ್ರಾರ್ಥನೆ ಮೇಲಕ್ಕೆ ಕಳಿಸುತ್ತಾರೆ. ಈಗ ಅದೇ ತಂಬಾಕಿನಿಂದ ಅವರಿಗೆ ಕಳ್ಳಸಾಗಣೆಯವರು ಅಂತ ಹೆಸರು ಬಂದದೆ. ಹೆಂಗ ಬಂತು?

ಅವರ ಊರು ಅಕ್ವೆಸಾಸ್ನೆ, ಸೇಂಟ್ ಲಾರೆನ್ಸ್ ನದಿಯ ಎರಡೂ ದಂಡೆ ಮತ್ತು ನಡುಗಡ್ಡೆಗಳ ಮೇಲೆ ಐತಿ. 1783ರಲ್ಲಿ ಇಂಗ್ಲಿಷರೂ ಅಮೆರಿಕದವರೂ ಯುದ್ಧ ಮುಗಿಸಿ ಗೆರೆ ಎಳಕೊಂಡರು. ಮೊಹಾಕರನ್ನು ಯಾರೂ ಕೇಳಲಿಲ್ಲ. ಇವತ್ತು ಊರಿನ ಒಂದು ಪಾಲು ಅಮೆರಿಕದ ನ್ಯೂಯಾರ್ಕ್ ರಾಜ್ಯದಾಗ, ಉಳಿದದ್ದು ಕೆನಡಾದ ಒಂಟಾರಿಯೊ, ಕ್ಯುಬೆಕ್ ಪ್ರಾಂತಗಳಲ್ಲಿ. 1794ರ ಜೇ ಒಪ್ಪಂದದಲ್ಲಿ ಒಂದು ಮಾತು ಕೊಟ್ಟರು: ಮೂಲನಿವಾಸಿಗಳು ಗೆರೆ ದಾಟಿ ಓಡಾಡಬಹುದು, ತಮ್ಮ ಸ್ವಂತ ಸಾಮಾನಿಗೆ ಸುಂಕ ಇಲ್ಲ, ದೊಡ್ಡ ಮೂಟೆ ಇದ್ದರೆ ಮಾತ್ರ ಈ ಮಾತು ನಡೆಯೋದಿಲ್ಲ. ಆದ್ರ 1956ರಲ್ಲಿ ಆ ಊರಿನ ಒಬ್ಬ ಅಮೆರಿಕದಿಂದ ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು ತಂದದ್ದಕ್ಕೆ ಸುಂಕ ಕೊಟ್ಟು ದಾವೆ ಹೂಡಿದಾಗ, ಆ ಒಪ್ಪಂದ ನಮ್ಮ ದೇಶದ ಕಾನೂನಲ್ಲ ಅಂತ ಕೆನಡಾದ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ನಮ್ಮ ನಡುವೆ ರಾಜ್ಯದ ಗೆರೆ ಬಿದ್ದದ್ದೂ ಅದೇ ವರ್ಷ. ನಮಗ ಎರಡೂ ಕಡೆ ದೇಶ ಒಂದೇ, ಅಷ್ಟು ಪುಣ್ಯ. 1968ರ ಡಿಸೆಂಬರದಾಗ ಅವರು ಈ ಸುಂಕದ ಸಲುವಾಗಿಯೇ ಸೇತುವೆ ಮ್ಯಾಲೆ ಮೋಟಾರು ಅಡ್ಡ ನಿಲ್ಲಿಸಿ ದಾರಿ ಕಟ್ಟಿದರು. ಪೊಲೀಸರು ಹಲವರನ್ನು ಹಿಡಿದು ಒಯ್ದರು.

ಇನ್ನು ತಂಬಾಕಿನ ಮಾತು. ಕೆನಡಾದ ಕಾನೂನಿನಂತೆ ಮೀಸಲು ಭೂಮಿಯ ಮೇಲೆ ಮೂಲನಿವಾಸಿಗಳ ಸ್ವತ್ತಿಗೆ ತೆರಿಗೆ ಇಲ್ಲ. ಹೊರಗಿನವರಿಗೆ ಮಾರಿದರೆ ಮಾತ್ರ ತೆರಿಗೆ ಬೇಕು ಅಂತ ಸರಕಾರ. ನಮ್ಮ ನೆಲ, ನಮ್ಮ ವ್ಯಾಪಾರ, ನೀವ್ಯಾರು ಕೇಳೋಕೆ ಅಂತ ಮೊಹಾಕರು. ಈ ಜಗಳ ಇರುವಾಗಲೇ 1991ರ ಹೊತ್ತಿಗೆ ಕೆನಡಾ ಸಿಗರೇಟಿನ ತೆರಿಗೆಯನ್ನು ಬಹಳ ಏರಿಸಿತು. ಪರದೇಶಕ್ಕೆ ಹೋಗುವ ಮಾಲಿಗೆ ಆ ತೆರಿಗೆ ಇರಲಿಲ್ಲ. ಹಂಗಾಗಿ ಕೆನಡಾದ ಸಿಗರೇಟು ಅಮೆರಿಕಕ್ಕೆ ಹೋಗಿ, ಅಲ್ಲಿಯ ಗೋದಾಮು ಕಂಡು, ಬ್ಯಾಸಿಗಿಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿ ಮ್ಯಾಲೆ ಹಿಮದ ಗಾಡಿ, ಹಿಂಗ ರಾತ್ರೋರಾತ್ರಿ ತಿರುಗಿ ಕೆನಡಾಕ್ಕೇ ಬರತೊಡಗಿತು. ದಾರಿ ಅಕ್ವೆಸಾಸ್ನೆ.

ಊರವರೆಲ್ಲ ಸಾಚಾ ಅಂತ ನಾ ಹೇಳೋದಿಲ್ಲ. ರೊಕ್ಕ ಬಂತು, ಬಂದೂಕೂ ಬಂದವು, ಅಣ್ಣತಮ್ಮಂದಿರಲ್ಲೇ ಒಡಕಾಯಿತು. ಆದ್ರ ಅದಕ್ಕೂ ಮೊದಲಿನದು ಒಂದು ಐತಿ. 1959ರಲ್ಲಿ ನದಿಯನ್ನು ದೊಡ್ಡ ಹಡಗಿನ ಕಾಲುವೆ ಮಾಡಿದರು, ದಂಡೆ ಮ್ಯಾಲಿನ ಕಾರಖಾನೆಗಳ ವಿಷ ನೀರಿಗೆ ಬಿತ್ತು, ಮೀನು ತಿನ್ನಬ್ಯಾಡ್ರಿ ಅನ್ನುವ ಕಾಲ ಬಂತು, ದನಗಳಿಗೆ ರೋಗ ಬಂತು. ಮೀನೂ ದನವೂ ಹೋದ ಮೇಲೆ ಒಕ್ಕಲಿಗ ಏನು ಮಾಡ್ಯಾನು?

1994ರ ಫೆಬ್ರುವರಿ 8ರಂದು ಪ್ರಧಾನಿ ಜೀನ್ ಕ್ರೆಟಿಯನ್ 200 ಸಿಗರೇಟಿನ ಕಟ್ಟಿಗೆ 5 ಡಾಲರ್ ತೆರಿಗೆ ಇಳಿಸಿದರು. ಪತ್ರಿಕೆಗಳಲ್ಲಿ ಬೈಗುಳ ತಿಂದವರು ಮೊಹಾಕರು. ಮಾಲು ಮಾಡಿದವರ ಸರದಿ ಬಂದದ್ದು 2008ರಲ್ಲಿ. ಇಂಪೀರಿಯಲ್ ಟೊಬ್ಯಾಕೊ ಕೆನಡಾ ಮತ್ತು ರಾಥ್ಮನ್ಸ್ ಬೆನ್ಸನ್ ಅಂಡ್ ಹೆಜಸ್ ಕಂಪನಿಗಳು ತಪ್ಪು ಒಪ್ಪಿಕೊಂಡು, ದಂಡ, ಪರಿಹಾರ ಎಲ್ಲ ಸೇರಿ 115 ಕೋಟಿ ಡಾಲರ್ ಕೊಡಲು ಒಪ್ಪಿದವು. ಜೈಲಿಗೆ ಅವರ ದೊಡ್ಡ ಸಾಹೇಬರು ಹೋಗಲಿಲ್ಲ.

ಈ ಗದ್ದಲದ ನಡುವೆ 1988ರ ಮಾರ್ಚಿನಲ್ಲಿ ಅಲ್ಲಿಯ ಮುಖ್ಯಸ್ಥ ಮೈಕ್ ಮಿಚೆಲ್ ಹಗಲಹೊತ್ತು ಎಲ್ಲರೂ ನೋಡುವಂಗ ಸೇತುವೆ ದಾಟಿದರು. ಸಂಗಡ ಕಂಬಳಿ, ಬೈಬಲ್, ಬ್ರೆಡ್ಡು, ಹಾಲು, ಬೆಣ್ಣಿ, ಹಳೇ ಬಟ್ಟೆ, ಮತ್ತೆ ಒಂದು ಬಟ್ಟೆ ಒಗೆಯುವ ಯಂತ್ರ. ಬಹಳಷ್ಟು ಇನ್ನೊಂದು ಮೊಹಾಕ್ ಊರಿಗೆ ಕಾಣಿಕೆ. ತಂಬಾಕು ಒಂದೆಳೆ ಇರಲಿಲ್ಲ. 142 ಡಾಲರ್ 88 ಸೆಂಟ್ ಸುಂಕ ಹಾಕಿದರು, ಅವರು ಕೊಡಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಗೆದ್ದರು, 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು.

2009ರಲ್ಲಿ ನಡುಗಡ್ಡೆಯ ಸುಂಕದ ಚೌಕಿಯವರಿಗೆ ಪಿಸ್ತೂಲು ಕೊಡುತ್ತೇವೆ ಅಂದಾಗ ಊರವರು ಬೇಡ ಅಂತ ಕೂತರು. ಚೌಕಿ ಆಚೆ ದಂಡೆಯ ಕಾರ್ನ್‌ವಾಲ್ ಪಟ್ಟಣಕ್ಕೆ ಹೋಯಿತು. ಆಮೇಲೆ ಅಮೆರಿಕದ ಪಾಲಿನಿಂದ ನಡುಗಡ್ಡೆಯ ತನ್ನ ಮನೆಗೆ ಬರುವವನು ಮೊದಲು ಮನೆ ದಾಟಿ ಮುಂದೆ ಹೋಗಿ, ಇನ್ನೊಂದು ಸೇತುವೆ ಏರಿಳಿದು, ಚೌಕಿಯಲ್ಲಿ ಹಾಜರಿ ಹಾಕಿ, ಬಂದ ದಾರಿಯಲ್ಲೇ ತಿರುಗಿ ಮನೆಗೆ ಬರಬೇಕಾಯಿತು.