ವೃದ್ಧರ ಮಾತಿಗೆ ಪಕ್ಷಗಳಲ್ಲಿ ಎಡೆ

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯೂ, ಹಿರಿಯರನ್ನು ಕೇಳದೆ ಕಾರ್ಯಕ್ಕೆ ತೊಡಗಬಾರದೆಂಬ ಉಪದೇಶವೂ ನಮ್ಮಲ್ಲಿ ಒಂದೇ ಜಗುಲಿಯ ಮೇಲೆ ಕುಳಿತಿವೆ. ಮದುವೆಯ ಚಪ್ಪರದಲ್ಲಿ ಮೊದಲ ತಾಂಬೂಲವು ವೃದ್ಧನಿಗೆ ಸಲ್ಲುತ್ತದೆ. ಆಸ್ತಿಯು ಪಾಲಾದ ಮರುದಿನ ಅದೇ ವೃದ್ಧನ ಮಾತಿಗೆ ಕಿವಿಗೊಡುವವರಿಲ್ಲ. ಮನೆಯಲ್ಲಿ ಕಾಣುವ ಈ ವೈಪರೀತ್ಯವೇ ರಾಜಕೀಯದಲ್ಲಿಯೂ ಇದೆಯೆಂದು ನನಗೆ ತೋರುತ್ತದೆ. ಗೌರವವು ಬೇರೆ, ಮಾತಿನ ಅಧಿಕಾರವು ಬೇರೆ. ಇವೆರಡೂ ನಮ್ಮ ಸೀಮೆಯಲ್ಲಿ ಹೇಗೆ ಅಗಲಿದವೆಂಬುದನ್ನು ವಾಚಕರೊಡನೆ ಆಲೋಚಿಸುವುದೇ ಈ ಲೇಖನದ ಉದ್ದೇಶ.

ನಮ್ಮ ನಾಡಿನ ಶಾಸನಗಳಲ್ಲಿ ದಾನಕ್ಕೆ ಸಾಕ್ಷಿಯಾಗಿ ನಿಲ್ಲುವವರು ಗಾವುಂಡರು, ಪ್ರಜೆಗಾವುಂಡರು, ಅಗ್ರಹಾರದ ಮಹಾಜನರು. ಮುಂದಿನ ಕಾಲದಲ್ಲಿ ಜಾತಿಯ ವ್ಯಾಜ್ಯಗಳು ಕಟ್ಟೆಮನೆಗಳಲ್ಲಿಯೂ, ಊರಿನ ವ್ಯಾಜ್ಯಗಳು ಅರಳಿಕಟ್ಟೆಯಲ್ಲಿಯೂ ತೀರುತ್ತಿದ್ದವು. ಅಲ್ಲಿ ನರೆತ ತಲೆಗೆ ಮಾನವಿತ್ತೆಂಬುದು ನಿಜ. ಆದರೆ ಯಾರ ತಲೆ? ಭೂಮಿಯುಳ್ಳವನದು, ವೃತ್ತಿಯುಳ್ಳವನದು, ಗೌಡಿಕೆಯುಳ್ಳವನದು. ಮುದಿ ಜೀತಗಾರನಾಗಲಿ, ವಿಧವೆಯಾದ ಅಜ್ಜಿಯಾಗಲಿ ಕಟ್ಟೆಯ ಮೇಲೆ ಕುಳಿತು ತೀರ್ಪು ಹೇಳಿದುದು ಕಾಣಬರುವುದಿಲ್ಲ. ವಯಸ್ಸು ಮಾತಿಗೆ ತೂಕವನ್ನು ಕೊಡುತ್ತಿತ್ತು. ಮಾತನಾಡುವ ಹಕ್ಕನ್ನು ಮಾತ್ರ ಆಸ್ತಿ ಕೊಡುತ್ತಿತ್ತು.

1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಈ ಕ್ರಮವೇ ಹೊಸ ಉಡುಪನ್ನು ತೊಟ್ಟಿತು. 144 ಮಂದಿ ಸದಸ್ಯರು. ರೈತರಲ್ಲಿ ಪ್ರಮುಖರು, ವರ್ತಕರು. ಸಭೆಗೆ ಆಜ್ಞಾಪಿಸುವ ಶಕ್ತಿಯಿರಲಿಲ್ಲ, ಅಹವಾಲನ್ನು ಹೇಳಿಕೊಳ್ಳುವ ಶಕ್ತಿಯಿತ್ತು. 1891ರಲ್ಲಿ ಚುನಾವಣೆಯ ಪದ್ಧತಿ ಬಂತು. 1923ರ ಸುಧಾರಣೆಯಿಂದ ಅಧಿಕಾರವು ವಿಸ್ತಾರಗೊಂಡು, ಸ್ತ್ರೀಯರ ಮತದಾನಕ್ಕಿದ್ದ ತಡೆಯೂ ಹೋಯಿತು. ಒಂದೊಂದು ವರ್ಗವೂ ತನ್ನ ಹೆಸರು ಹೇಳಿ ಎಡೆಯನ್ನು ಕೇಳಿ ಪಡೆಯುತ್ತಿದ್ದ ಕಾಲವದು. ವೃದ್ಧರು ಕೇಳಲಿಲ್ಲ; ಯಜಮಾನರಾಗಿ ತಾವು ಒಳಗೇ ಇದ್ದೇವೆಂದು ಅವರು ಭಾವಿಸಿದ್ದರು.

ಆ ಭಾವನೆಗೆ ಆಧಾರವಾಗಿದ್ದ ಕಂಬಗಳು ಒಂದೊಂದಾಗಿ ಬಿದ್ದವು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ಮುಗಿಯಿತು. ಸಂವಿಧಾನವು ವಯಸ್ಕರೆಲ್ಲರಿಗೂ ಸಮನಾಗಿ ಒಂದೊಂದು ಮತವನ್ನು ಕೊಟ್ಟಿತು. 1961ರ ಶಾಸನವು ಗೌಡ ಶಾನುಭೋಗರ ವಂಶಪಾರಂಪರ್ಯದ ವೃತ್ತಿಗಳನ್ನು ತೆಗೆಯಿತು. ಇವೆಲ್ಲ ನ್ಯಾಯವಾದುವೇ, ಹಳೆಯ ಕಟ್ಟೆಯನ್ನು ಮರಳಿ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಹೊಸ ವ್ಯವಸ್ಥೆಯಲ್ಲಿ ಮಾತು ಸಲ್ಲುವುದು ಸಂಘಟನೆಯಿಂದ. ಈ ಮರ್ಮವನ್ನು ತರುಣರು ಬೇಗನೆ ಅರಿತರು. ಕನ್ನಡನಾಡಿನವರೇ ಆದ ಡಾ. ನಾ. ಸು. ಹರ್ಡೀಕರರು 1923ರಲ್ಲಿಯೇ ಕಾಂಗ್ರೆಸ್ಸಿಗೆ ಸೇವಾದಳವನ್ನು ಕಟ್ಟಿಕೊಟ್ಟರು. ಬಳಿಕ ಪಕ್ಷಪಕ್ಷಕ್ಕೂ ಯುವಜನರ, ಮಹಿಳೆಯರ, ರೈತರ, ವಿದ್ಯಾರ್ಥಿಗಳ ಶಾಖೆಗಳು ಮೂಡಿದವು. ಹಿರಿಯ ನಾಗರಿಕರ ಘಟಕವೆಂಬ ಹೆಸರು ಅಲ್ಲಲ್ಲಿ ಕೇಳಿಬರುವುದುಂಟು. ಆದರೆ ಅಭ್ಯರ್ಥಿಯ ಆಯ್ಕೆಯಲ್ಲಾಗಲಿ, ಪ್ರಣಾಳಿಕೆಯ ರಚನೆಯಲ್ಲಾಗಲಿ ಅದಕ್ಕೆ ತರುಣರ ಶಾಖೆಯ ತೂಕ ಬಂದಿಲ್ಲ.

“ಪಕ್ಷಗಳನ್ನು ಆಳುತ್ತಿರುವವರು ಮುದುಕರೇ ಅಲ್ಲವೇ?” ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಎಡವಬಾರದು. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಅಧ್ಯಕ್ಷರಾಗಿದ್ದವರು 66 ವರ್ಷದ ಎಸ್. ನಿಜಲಿಂಗಪ್ಪನವರು. ಅವರ ಸುತ್ತ ನಿಂತವರು ಹಿರಿಯ ಧುರೀಣರು. ಆ ವರ್ಷವೇ ಪಕ್ಷವು ಒಡೆಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಕಡೆಗೆ ಹೋದವು. 2014ರಲ್ಲಿ ಭಾರತೀಯ ಜನತಾ ಪಕ್ಷವು ತನ್ನ ಹಿರಿಯ ನಾಯಕರಿಗೆ ಮಾರ್ಗದರ್ಶಕ ಮಂಡಲವನ್ನು ಏರ್ಪಡಿಸಿತು. ಎರಡು ಕಡೆಯೂ ಪ್ರಶ್ನೆಯಾಗಿದ್ದುದು ನಾಯಕರ ಸ್ಥಾನವೇ ಹೊರತು, ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಕಣ್ಣು ಮಂಜಾದ ನೇಕಾರನ ಸ್ಥಿತಿಯಲ್ಲ. ಅಧಿಕಾರದಲ್ಲಿರುವ ವೃದ್ಧನು ವೃದ್ಧರ ಪ್ರತಿನಿಧಿಯೆಂದು ತಿಳಿಯುವುದು ಭ್ರಾಂತಿ.

ಮಾತಿಲ್ಲದುದರ ಫಲವೇನು? ಬಡ ವೃದ್ಧರಿಗೆಂದು ಕೇಂದ್ರ ಸರ್ಕಾರವು 1995ರಲ್ಲಿ ತಿಂಗಳಿಗೆ 75 ರೂಪಾಯಿಯ ವೇತನವನ್ನು ಆರಂಭಿಸಿತು. ಮುಂದೆ ಅದು 200 ಆಯಿತು. 2011ರಲ್ಲಿ ವಯಸ್ಸಿನ ಮಿತಿಯನ್ನು 60ಕ್ಕೆ ಇಳಿಸಿ, 80 ದಾಟಿದವರಿಗೆ 500 ಎಂದು ಗೊತ್ತುಮಾಡಿದರು. ಆಮೇಲೆ ಹತ್ತು ವರ್ಷಕ್ಕೂ ಮಿಕ್ಕಿದ ಕಾಲ ಕಳೆದರೂ, 80ರೊಳಗಿನವರಿಗೆ ಕೇಂದ್ರದ ಪಾಲು ಆ 200 ರೂಪಾಯಿಯಲ್ಲಿಯೇ ನಿಂತಿತು. ರಾಜ್ಯವು ತನ್ನ ಪಾಲನ್ನು ಸೇರಿಸದಿದ್ದರೆ ಅದು ಔಷಧಕ್ಕೂ ಸಾಲದು. ಸಂಘಟಿತವಾದ ಯಾವ ವರ್ಗ ಇಷ್ಟು ಕಾಲ ಸುಮ್ಮನಿರುತ್ತಿತ್ತು? 2007ರ ಶಾಸನವು ಮಕ್ಕಳು ನೋಡಿಕೊಳ್ಳದ ತಂದೆತಾಯಿಗಳಿಗೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಜೀವನಾಂಶವನ್ನು ಕೇಳುವ ಹಕ್ಕನ್ನು ಕೊಟ್ಟಿದೆ; ಆದರೆ ಮಗನ ಮೇಲೆ ದೂರು ಕೊಡಲು ಒಂಟಿಯಾಗಿ ಮೆಟ್ಟಲು ಹತ್ತುವ ಧೈರ್ಯ ಎಷ್ಟು ಮಂದಿಗೆ ಬರುತ್ತದೆ? 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರ ಮನೆಬಾಗಿಲಿಗೆ ಮತಪತ್ರವು ಬಂತು. ಉಪಕಾರವೇ ಸರಿ. ಆದರೆ ಬಾಗಿಲಿಗೆ ಬಂದ ಪೆಟ್ಟಿಗೆ ಮತವನ್ನು ಕೊಂಡೊಯ್ಯಿತು, ಅಹವಾಲನ್ನು ಕೇಳಲಿಲ್ಲ.

ಪರದೇಶಗಳ ಅನುಭವದಲ್ಲಿ ಎರಡು ದಾರಿಗಳು ಕಾಣುತ್ತವೆ. ಇಸ್ರೇಲಿನಲ್ಲಿ ನಿವೃತ್ತರ ಪಕ್ಷವೊಂದು 2006ರಲ್ಲಿ 7 ಸ್ಥಾನಗಳನ್ನು ಗೆದ್ದು, 2009ರಲ್ಲಿ ಎಲ್ಲವನ್ನೂ ಕಳೆದುಕೊಂಡಿತು. ಜರ್ಮನಿಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷವು 1988ರಲ್ಲಿಯೂ, ಸೋಷಿಯಲ್ ಡೆಮಾಕ್ರಟಿಕ್ ಪಕ್ಷವು 1994ರಲ್ಲಿಯೂ ತಮ್ಮೊಳಗೇ ವೃದ್ಧರ ಶಾಖೆಗಳನ್ನು ಸ್ಥಾಪಿಸಿದವು. ಅವು ಇಂದಿಗೂ ಉಳಿದಿವೆ. ಬೇರೆ ಮನೆ ಹೂಡುವುದಕ್ಕಿಂತ ಇರುವ ಮನೆಯಲ್ಲಿ ಪಾಲು ಕೇಳುವುದೇ ಬಾಳುವ ಮಾರ್ಗವೆಂದು ಇದರಿಂದ ತಿಳಿಯತಕ್ಕದ್ದು.

ಹಳ್ಳಿಯ ವೃದ್ಧರಿಗೆ ಕೂಡಿ ನಿಲ್ಲುವ ಶಕ್ತಿಯೆಲ್ಲಿಯದು ಎನ್ನುವವರು ದೇವನಹಳ್ಳಿಯ ಕಡೆಗೆ ನೋಡಬೇಕು. ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ 2022ರ ಏಪ್ರಿಲಿನಲ್ಲಿ ಧರಣಿ ಆರಂಭವಾಯಿತು. ಅದು ರೈತರೆಲ್ಲರ ಹೋರಾಟ, ವೃದ್ಧರದಷ್ಟೇ ಅಲ್ಲ. ಆದರೂ ಅಲ್ಲಿ ನರೆತ ತಲೆಯ ಗಂಡಸರೂ ಹೆಂಗಸರೂ ಬಿಸಿಲು ಮಳೆಗಳಲ್ಲಿ ಕುಳಿತಿದ್ದರು. 1,198 ದಿನಗಳ ಬಳಿಕ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟುದಾಗಿ ಸಾರಿದರು. ಒಬ್ಬೊಬ್ಬರಾಗಿ ಅರ್ಜಿ ಬರೆದಿದ್ದರೆ ಆ ಫಲ ದೊರೆಯುತ್ತಿತ್ತೇ?

2011ರ ಜನಗಣತಿಯಂತೆ ನಮ್ಮ ರಾಜ್ಯದಲ್ಲಿ ನೂರಕ್ಕೆ ಸುಮಾರು ಒಂಬತ್ತೂವರೆ ಮಂದಿ 60 ದಾಟಿದವರು. ಈ ಪಾಲು ಏರುತ್ತಲೇ ಇದೆ. ಹೊಸಕೋಟೆ, ನೆಲಮಂಗಲಗಳ ಯುವಕರು ಕಾರ್ಖಾನೆಗಳಿಗೂ ನಗರಕ್ಕೂ ಹೋದ ಮೇಲೆ ಹಗಲಿನಲ್ಲಿ ಊರು ಕಾಯುವವರು ಅವರೇ. ಪ್ರತಿ ಪಕ್ಷವೂ ತಾಲ್ಲೂಕಿಗೊಂದು ಹಿರಿಯರ ಸಮಿತಿಯನ್ನು ಸದಸ್ಯರ ಮತದಿಂದಲೇ ಆರಿಸಲಿ. ಅದರಲ್ಲಿ ಭೂಮಿಯಿಲ್ಲದವರಿಗೂ ಸ್ತ್ರೀಯರಿಗೂ ಎಡೆಯಿರಲಿ. ಗ್ರಾಮಸಭೆಗೆ ಮುನ್ನ ಅದು ಸೇರಿ ತನ್ನ ಅಹವಾಲನ್ನು ಬರೆದಿಡಲಿ. ಕಟ್ಟೆಯ ಮೇಲಿನ ಹಿರಿಯನು ಆಸ್ತಿಯ ಬಲದಿಂದ ಮಾತನಾಡಿದನು. ಮುಂದಿನ ಹಿರಿಯನು ಸಂಘದ ಬಲದಿಂದ ಮಾತನಾಡಬೇಕು. ತಾಂಬೂಲವನ್ನು ಕೊಡುವ ಕೈಗಳು ಕಿವಿಯನ್ನೂ ಕೊಡುವ ಕಾಲ ಆಗ ಬಂದೀತು.