ತಾತನ ಫೋಟೋದಲ್ಲಿರುವ ಬಂದೂಕು ಯಾವುದು?

ಹೋದ ತಿಂಗಳು ಸಾದಲಿಗೆ ಹೋಗಿದ್ದಾಗ ಚಿಕ್ಕಪ್ಪ ಗೋಡೆಯ ಮೇಲಿನ ಹಳೇ ಫೋಟೋವೊಂದನ್ನು ಇಳಿಸಿ, ಧೂಳು ಒರೆಸಿ ನನ್ನ ಕೈಗೆ ಕೊಟ್ಟರು. ನಾವೆಲ್ಲ ಚಿಕ್ಕಂದಿನಿಂದ ನೋಡುತ್ತಾ ಬಂದಿರುವ ಫೋಟೋ ಅದು. ಟೋಪಿ ಹಾಕಿಕೊಂಡ ಒಬ್ಬ ದೊರೆ, ಅವನ ಕೈಯಲ್ಲೊಂದು ಬಂದೂಕು, ಪಕ್ಕದಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿರುವ ನಮ್ಮ ತಾತ.

"ಇದನ್ನ ದೊಡ್ಡದು ಮಾಡಿಸ್ಕೊಂಡು ಬಾರಪ್ಪ. ಕೆಳಗಡೆ 'ಪ್ರಸಿದ್ಧ ಬೇಟೆಗಾರ ಕೆನೆತ್ ಆಂಡರ್ಸನ್ ಅವರೊಂದಿಗೆ' ಅಂತ ಹಾಕ್ಸು" ಅಂದರು.

"ಅದು ಆಂಡರ್ಸನ್ನೇ ಅಂತ ಹೆಂಗೆ ಗೊತ್ತು ಚಿಕ್ಕಪ್ಪ?"

"ತುಪಾಕಿ ನೋಡು! ಕೆಳಗಡೆ ಲಿವರ್ ಐತೆ. ಅವರದ್ದು ಅದೇ ತುಪಾಕಿ. ಪುಸ್ತಕದಾಗೆ ಬರ್ದಿಲ್ವಾ?"

ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಧ ನಿಜ. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನು ಓದಿದವರಿಗೆ ಆಂಡರ್ಸನ್ ಹೊಸಬರಲ್ಲ. 1910ರಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಬದುಕಿ, 1974ರಲ್ಲಿ ಅಲ್ಲೇ ತೀರಿಕೊಂಡ ಬೇಟೆಗಾರ. ಅವರ ಕಥೆಗಳಲ್ಲಿ ಮತ್ತೆ ಮತ್ತೆ ಬರುವುದು .405 ವಿಂಚೆಸ್ಟರ್. ಅದು ಲಿವರ್ ಬಂದೂಕೇ ಹೌದು. ನಮ್ಮ ಗಡಿಯಾಚೆಯ ಚಿತ್ತೂರು ಸೀಮೆಯ ಚಾಮಲ ಕಣಿವೆಯ ನರಭಕ್ಷಕನ ಬಗ್ಗೆಯೂ ಅವರು ಬರೆದಿದ್ದಾರೆ. ಹಾಗಾಗಿ ನಮ್ಮ ಕಡೆ ಬಂದಿರಲಾರರು ಅಂತ ಹೇಳುವ ಹಾಗೂ ಇಲ್ಲ. ಆದರೆ ಕೆಳಗೆ ಲಿವರ್ ಇರುವ ಬಂದೂಕೆಲ್ಲ ಒಂದೇನಾ?

ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ದೊಡ್ಡದು ಮಾಡಿ ನೋಡುತ್ತಾ ಕೂತೆ.

ಲಿವರ್ ಬಂದೂಕು ಅಂದರೆ ಟ್ರಿಗರ್ ಹತ್ತಿರ ಇರುವ ಲಿವರನ್ನು ಕೈಯಿಂದ ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆಯುವಂಥದ್ದು. ವಿಂಚೆಸ್ಟರ್ ಕಂಪನಿಯ 1873, 1886, 1892, 1894ರ ಮಾದರಿಗಳಲ್ಲಿ ತೋಟಾಗಳು ನಳಿಗೆಯ ಕೆಳಗೆ ಇನ್ನೊಂದು ಕೊಳವೆಯಲ್ಲಿ ಸಾಲಾಗಿ ಕೂರುತ್ತವೆ. ಒಂದರ ಗುಂಡಿನ ಮೂತಿ ಮುಂದಿನ ತೋಟಾದ ಹಿಂಭಾಗಕ್ಕೆ ತಾಗಿರುತ್ತದೆ. ಗುಂಡು ಚೂಪಾಗಿದ್ದರೆ ಒಂದು ಹೊಡೆತದ ಅದುರಿಗೆ ಕೊಳವೆಯೊಳಗೇ ಇನ್ನೊಂದು ಸಿಡಿಯುವ ಭಯ! ಅದಕ್ಕೇ ಜಾನ್ ಬ್ರೌನಿಂಗ್ 1895ರ ಮಾದರಿಯಲ್ಲಿ ಕೊಳವೆಯನ್ನೇ ತೆಗೆದುಹಾಕಿ, ಲಿವರಿನ ಮುಂದೆ ಒಂದು ಪೆಟ್ಟಿಗೆ ಇಟ್ಟ. ತೋಟಾಗಳು ಅದರಲ್ಲಿ ಒಂದರ ಮೇಲೊಂದು ಕೂರುತ್ತವೆ. ಆಂಡರ್ಸನ್ನರ ಬಂದೂಕು ಈ ಮಾದರಿಯದು. .405 ತೋಟಾ ಬಂದದ್ದು 1904ರಲ್ಲಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೋದಾಗಲೂ ಇದನ್ನೇ ಒಯ್ದಿದ್ದರು.

ಅಂದಮೇಲೆ ಫೋಟೋದಲ್ಲಿ ಹುಡುಕಬೇಕಾದ್ದು ಎರಡು. ಲಿವರಿನ ಮುಂದೆ ಕೆಳಕ್ಕೆ ಇಳಿದ ಪೆಟ್ಟಿಗೆ, ಹಿಂದುಗಡೆ ಹೊರಗೆ ಕಾಣುವ ಕುದುರೆ.

ಎರಡೂ ಇಲ್ಲ.....

ಪೆಟ್ಟಿಗೆ ಇರಬೇಕಾದ ಜಾಗ ಚಪ್ಪಟೆ. ನಳಿಗೆಯ ಕೆಳಗೆ ಕೊಳವೆಯೂ ಇಲ್ಲ. ಕುದುರೆ ಹೊರಗೆ ಕಾಣುವುದೇ ಇಲ್ಲ. ಲಿವರ್ ಇರುವುದು ಟ್ರಿಗರ್ ಕಾವಲಿನ ಹಿಂದುಗಡೆ, ಉದ್ದವಾಗಿ, ಹಿಡಿಯ ಕೆಳಗೆ ಬಾಗಿಕೊಂಡು. ಇದು ಮಾರ್ಟಿನಿ!

ಮಾರ್ಟಿನಿ ಅಂದರೆ ಒಂದೇ ಈಡಿನ ಬಂದೂಕು. ಲಿವರ್ ಒತ್ತಿದರೆ ಒಳಗಿನ ಉಕ್ಕಿನ ತುಂಡು ಮುಂದಕ್ಕೆ ಬಾಗಿ ನಳಿಗೆಯ ಬಾಯಿ ತೆರೆಯುತ್ತದೆ. ಒಂದು ತೋಟಾ ಹಾಕಿ, ಲಿವರ್ ಮುಚ್ಚಿ, ಹೊಡೆಯಬೇಕು. ಬ್ರಿಟಿಷ್ ಸೈನ್ಯ 1871ರಲ್ಲಿ ಮಾರ್ಟಿನಿ-ಹೆನ್ರಿಯನ್ನು ಒಪ್ಪಿಕೊಂಡಿತು. 1878ರಿಂದ 1880ರ ಅಫ್ಘನ್ ಯುದ್ಧದಲ್ಲೂ, 1879ರ ಜುಲು ಯುದ್ಧದಲ್ಲೂ ಸಿಪಾಯಿಗಳ ಕೈಯಲ್ಲಿದ್ದದ್ದು ಇದೇ. 1888ರಲ್ಲಿ ಲೀ-ಮೆಟ್‌ಫರ್ಡ್ ಬಂದ ಮೇಲೆ ಹಳೆಯವು ಮೆಲ್ಲಗೆ ಪೊಲೀಸರು, ಕಾವಲಿನವರ ಕೈಗೆ ಇಳಿದವು.

ಸರಿ, ಮಾದರಿ ಗೊತ್ತಾಯಿತು. ಕ್ಯಾಲಿಬರ್? ಅದನ್ನು ಫೋಟೋ ಹೇಳುವುದಿಲ್ಲ. ಮೊದಲ ಮಾರ್ಟಿನಿ-ಹೆನ್ರಿಗಳದ್ದು .577/450. ಅಂದರೆ .577ರ ತೋಟಾದ ಕುತ್ತಿಗೆ ಕಿರಿದು ಮಾಡಿ .45 ಅಂಗುಲದ ಗುಂಡು ಕೂರಿಸಿದ್ದು. ಆಮೇಲೆ ಅದೇ ಒಡಲಿಗೆ .303ರ ನಳಿಗೆ ಹಾಕಿ ಮಾರ್ಟಿನಿ-ಎನ್‌ಫೀಲ್ಡ್ ಮಾಡಿದರು. ಚರೆ ಹೊಡೆಯುವ ಮಾರ್ಟಿನಿಗಳೂ ಬಂದವು. ಹೊರಗಿನಿಂದ ನೋಡಿದರೆ ಎಲ್ಲ ಅಣ್ಣತಮ್ಮಂದಿರೇ. ವಿಂಚೆಸ್ಟರ್ 1895 ಕೂಡ ಹಾಗೇ. .405ರಲ್ಲಷ್ಟೇ ಅಲ್ಲ, .303ರಲ್ಲೂ ಬಂತು. ರಷ್ಯದ ಸೈನ್ಯಕ್ಕಾಗಿ ಅವರದೇ 7.62 ಮಿ.ಮೀ. ತೋಟಾದ್ದು ಸುಮಾರು 3 ಲಕ್ಷ ತಯಾರಾದವು.

ಬಂದೂಕು ಕೈಯಲ್ಲಿದ್ದರೆ ಮುದ್ರೆ ಓದಬಹುದು. ವಿಂಚೆಸ್ಟರಿನಲ್ಲಿ ಕ್ಯಾಲಿಬರ್ ನಳಿಗೆಯ ಮೇಲೆ ಇರುತ್ತದೆ. ಸೈನ್ಯದ ಮಾರ್ಟಿನಿಯ ಬಲಮಗ್ಗುಲಲ್ಲಿ ಕಿರೀಟ, ರಾಣಿಯ ಹೆಸರಿನ ವಿ.ಆರ್. ಅಕ್ಷರ, ಕಾರ್ಖಾನೆ, ಇಸವಿ ಇರುತ್ತವೆ. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಖೈಬರ್ ಕಣಿವೆಯ ಕಡೆಯ ಕಮ್ಮಾರರು ಮಾಡಿದ ನಕಲಿಗಳಲ್ಲೂ ಕಿರೀಟ ಇರುತ್ತದೆ, ಇಂಗ್ಲಿಷಿನ 'ಎನ್' ಅಕ್ಷರ ಮಾತ್ರ ತಿರುವುಮುರುವು :) ಕಡೆಗೆ ನಳಿಗೆಯನ್ನೂ ತೋಟಾ ಕೂರುವ ಗೂಡನ್ನೂ ತಿಳಿದವರು ಅಳೆದು ನೋಡಬೇಕು. ಯಾವುದೋ ತೋಟಾ ಒಳಗೆ ಹೋಯಿತು ಅಂದ ಮಾತ್ರಕ್ಕೆ ಅದು ಆ ಬಂದೂಕಿನದಲ್ಲ. ಹಾಕಿ ನೋಡಲು ಹೋಗಿ ಕೈ, ಕಣ್ಣು ಕಳಕೊಳ್ಳಬೇಡಿ.

ಇನ್ನೊಂದು ಮಾತು. ಅಟ್ಟದ ಮೇಲೆ ಇಂಥದ್ದು ಸಿಕ್ಕಿ ಲೈಸೆನ್ಸ್ ಇಲ್ಲದಿದ್ದರೆ, ಹಳೇದು ತಾನೇ ಅಂತ ಇಟ್ಟುಕೊಳ್ಳುವ ಹಾಗಿಲ್ಲ. 1959ರ ಆಯುಧ ಕಾಯಿದೆಯ 45ನೇ ಕಲಮು ಹಳೇ ಆಯುಧಕ್ಕೆ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಹೊಡೆಯಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ. ಇಲ್ಲದಿದ್ದರೆ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಿ ಒಪ್ಪಿಸುವುದೇ ದಾರಿ. ನಮ್ಮ ಮನೆಯಲ್ಲಿ ಇರುವುದು ಫೋಟೋ ಮಾತ್ರ, ಬಚಾವ್!

ಈಗ ಚಿಕ್ಕಪ್ಪನಿಗೆ ಹೇಳಬೇಕಲ್ಲ. ಆ ದೊರೆ ಆಂಡರ್ಸನ್ ಅಲ್ಲವೇ ಅಲ್ಲ ಅಂತ ಬಂದೂಕು ಹೇಳುವುದಿಲ್ಲ, ಯಾರೂ ಯಾವ ಬಂದೂಕನ್ನಾದರೂ ಹಿಡಿದು ನಿಲ್ಲಬಹುದು. ಆದರೆ ನಮ್ಮ ಮನೆಯ ಕಥೆಗೆ ಇದ್ದ ಒಂದೇ ಸಾಕ್ಷಿ ಆ ಲಿವರ್. ಅದು ಹೋದ ಮೇಲೆ ಕಥೆಗೆ ಆಧಾರ ಇಲ್ಲ. ಇಷ್ಟು ವರ್ಷ ಅವರು ಊರಿಗೆಲ್ಲ ಹೇಳಿಕೊಂಡು ಬಂದ ಕಥೆ ಅದು. ಹೇಳದೆ ಬಿಟ್ಟಿದ್ದರೆ ನಾಳೆ ನಮ್ಮ ಮಕ್ಕಳು ಆ ಬರಹವನ್ನೇ ಸಾಕ್ಷಿ ಅನ್ನುತ್ತಿದ್ದರು.

ಫೋನಿನಲ್ಲಿ ಎಲ್ಲ ವಿವರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತುಪಾಕಿ ಯಾವ್ದಾದ್ರೂ ಆಗ್ಲಿ ಬಿಡು. ಪಕ್ಕದಾಗೆ ನಿಂತಿರೋದು ನಮ್ಮಪ್ಪನೇ ತಾನೇ?" ಅಂದರು.

ಫೋಟೋ ದೊಡ್ಡದು ಮಾಡಿಸಿ ಆಯಿತು. ಕೆಳಗೆ ತಾತನ ಹೆಸರು, ಊರು ಸಾದಲಿ ಅಂತ ಮಾತ್ರ ಹಾಕಿಸಿದ್ದೇನೆ. ನಿಮ್ಮ ಮನೆಯ ಗೋಡೆಯ ಮೇಲೂ ಇಂಥ ಫೋಟೋ ಇದ್ದರೆ ಒಮ್ಮೆ ಇಳಿಸಿ, ಲಿವರಿನ ಮುಂದೆ ಪೆಟ್ಟಿಗೆ ಇದೆಯಾ ನೋಡಿ.